ಮೇಲಿನ ಕುಣಿಕೆ

ಮುಳುಗಿದ ಹಡಗುಗಳು ವರ್ಷಕ್ಕೊಂದೇ ದಿನ ತಮ್ಮ ಜನರ ಊರೂರಿನ ಬಂದರಿನ ಧಕ್ಕೆಗೆ ಬಂದು ಹೋಗುವುದು ಈಗ ಯಾರಿಗೂ ಹೊಸತಲ್ಲ. ಹಡಗು ಕಾಣಿಸುವುದಿಲ್ಲ. ನೀರಿನೊಳಗಿಂದ ಪಾಚಿಗಟ್ಟಿದ ಹಗ್ಗವೊಂದು ಮೇಲೆ ಬರುತ್ತದೆ, ಅಷ್ಟೇ. ಮಂಗಳೂರಿನ ಧಕ್ಕೆಯಲ್ಲಿ ಹಗ್ಗ ಕಟ್ಟುವ ವಾರಿಜಾ ಬೆಳಿಗ್ಗೆಯೇ ಅದರ ಕುಣಿಕೆಯನ್ನು ಕಬ್ಬಿಣದ ಗೂಟಕ್ಕೆ ಹಾಕಿ, ಪಕ್ಕದಲ್ಲೇ ಕುಳಿತಿದ್ದಳು. ಅವಳ ಗಂಡ ಆ ಹಡಗಿನ ಅಡುಗೆಯವನಾಗಿದ್ದ.

ಮಧ್ಯಾಹ್ನ ಹನ್ನೆರಡು ಮಾಳಿಗೆಯ ಪ್ರವಾಸಿ ಹಡಗೊಂದು ಬಂತು. ಅದರ ತೊಡೆಗಾತ್ರದ ಹಗ್ಗವನ್ನೂ ಅದೇ ಗೂಟಕ್ಕೆ ಕಟ್ಟಬೇಕಿತ್ತು.

“ಹೊಸ ಕುಣಿಕೆಯನ್ನು ಹಳೇದರ ಒಳಗಿಂದ ತಂದು ಹಾಕು ಮಾರಾಯ್ತಿ,” ಎಂದು ಮೇಸ್ತ್ರಿ ದೂಮಣ್ಣ ಕೂಗಿದ. “ಮೇಲಿಂದ ಹಾಕಿದ್ರೆ ಹಳೇದು ಅಡಿಯಲ್ಲಿ ಸಿಕ್ಕಿಬೀಳ್ತದೆ, ಮುಳುಗಿದವರಿಗೆ ಹೊರಡ್ಲಿಕ್ಕೆ ಆಗುದಿಲ್ಲ. ರಾತ್ರಿಯೊಳಗೆ ಕಾರವಾರ ಮುಟ್ಬೇಕಲ್ಲ ಅವರು!”

“ಗೊತ್ತುಂಟು ದೂಮಣ್ಣ.”

ಅವನು ಆಚೆ ತಿರುಗಿದ್ದೇ ತಡ, ವಾರಿಜಾ ಹೊಸ ಕುಣಿಕೆಯನ್ನು ಮೇಲಿಂದಲೇ ಹೇರಿದಳು. ಪ್ರವಾಸಿ ಹಡಗು ಹೊರಡುವುದು ನಾಳೆ.

ಸಂಜೆ ನೀರಿಳಿಯತೊಡಗಿದಾಗ ಹಳೆಯ ಹಗ್ಗ ಬಿಗಿಯಾಯಿತು. ಮೂರು ಸಲ ಜಗ್ಗಿತು. ಹಗ್ಗ ಬಿಡಿ ಎನ್ನುವ ಸನ್ನೆ ಅದು. ಪ್ರವಾಸಿ ಹಡಗಿನ ಮೇಲೆ ಹಾಡು, ಕುಣಿತ ನಡೆದಿತ್ತು. ವಾರಿಜಾ ಒದ್ದೆ ಹಗ್ಗವನ್ನು ಮೆಲ್ಲಗೆ ಸವರಿದಳು. ಅದು ಮತ್ತೆ ಜಗ್ಗಿತು.

ಆಗಲೇ ಫೋನ್ ಬಂತು. ಕಾರವಾರದ ಧಕ್ಕೆಯಲ್ಲಿ ಕಾಯುತ್ತಿದ್ದ ಸುಲೋಚನಾ. ಅವಳ ಮಗನೂ ಮುಳುಗಿದ ಅದೇ ಹಡಗಿನಲ್ಲಿದ್ದ.

“ವಾರಿಜಕ್ಕಾ, ನಮ್ಮವರು ಅಲ್ಲಿಂದ ಹೊರಟ್ರಾ?”

ಹಗ್ಗ ಅಂಗೈಯೊಳಗೆ ನಡುಗುತ್ತಿತ್ತು.

“ಆಗಲೇ ಹೊರಟ್ರಲ್ಲ,” ಎಂದಳು ವಾರಿಜಾ. “ಇನ್ನೇನು ಬಂದ್ರು. ನೋಡ್ತಾ ಇರು.”