ಸೊಂಟದೆತ್ತರದ ಬೀಸು

ಕಾಫಿ ಕೊಯ್ಲು ಜೋರಾಗಿತ್ತು. ಕಣದಲ್ಲಿ ಹಣ್ಣು ಹರಡಿಸುತ್ತಿದ್ದ ಮಂದಣ್ಣನ ಬಳಿಗೆ, ಹೋದ ವರ್ಷ ಗಾಲ್ಫ್ ಕಪ್ ಗೆದ್ದಿದ್ದ ನಾಣಯ್ಯ ಬಂದ.

“ನಿನ್ನ ಹಾಗೆ ಕೋಲನ್ನು ತಲೆಮೇಲೆ ಎತ್ತೋದೇ ಬೇಡ ಮಾರಾಯ. ಸೊಂಟದವರೆಗೆ ಎತ್ತಿ ಬೀಸು, ಚೆಂಡು ನೇರ ಹೋಗ್ತದೆ. ನಾನು ಗೆದ್ದದ್ದೇ ಹಾಗೆ.”

ಈ ವರ್ಷದ ಕಪ್‌ಗೆ ಭಾನುವಾರವೇ ಇಬ್ಬರ ಪಂದ್ಯ. ಎದುರಾಳಿಗೆ ಯಾರಾದರೂ ಗುಟ್ಟು ಹೇಳಿಕೊಡುತ್ತಾರೆಯೇ?

“ಅದು ಕಸ ಗುಡಿಸುವ ಬೀಸು. ನನಗೆ ಬೇಡ,” ಎಂದ ಮಂದಣ್ಣ.

ನಾಣಯ್ಯ ಅವನ ಮುಖವನ್ನೇ ದಿಟ್ಟಿಸಿ ಹೊರಟುಹೋದ.

ಸಂಜೆ ಆಳುಗಳು ಹೋದ ಮೇಲೆ ಮಂದಣ್ಣ ಕದ್ದು ಸೊಂಟದವರೆಗೆ ಎತ್ತಿ ಬೀಸಿ ನೋಡಿದ. ಚೆಂಡು ನೇರ ಹೋಯಿತು. ಎಷ್ಟು ಹುಡುಕಿದರೂ ಮೋಸ ಸಿಗಲಿಲ್ಲ.

ಭಾನುವಾರ ಅವನು ಹಾಗೆಯೇ ಬೀಸಿ ಕಪ್ ಗೆದ್ದ. ನಾಣಯ್ಯ ತಲೆಮೇಲೆ ಎತ್ತಿ ಹೊಡೆದ ಚೆಂಡುಗಳೆಲ್ಲ ಪೊದೆ ಸೇರಿದವು.

“ನಿನ್ನ ಬೀಸು ಬಿಟ್ಟದ್ದು ಯಾಕೆ ಮಾರಾಯ?” ಎಂದು ಕೇಳಿದ ಮಂದಣ್ಣ.

“ನೀನು ಅಷ್ಟು ಖಡಾಖಂಡಿತ ಬೇಡ ಅಂದಾಗ, ನಿನ್ನ ತಲೆಮೇಲಿನ ಬೀಸಲ್ಲೇ ಏನೋ ಗುಟ್ಟುಂಟು ಅಂತ ಅನುಮಾನ ಬಂತು.”