ಅಣ್ಣನ ಆಂಪ್ಲಿಫೈಯರ್

ಶೋ ನಡೆಯಬೇಕಿದ್ದ ನೆಲಮಾಳಿಗೆಯಲ್ಲಿ ಹಾಡುಗಾರ ಆಂಪ್ಲಿಫೈಯರಿನ ಸ್ವಿಚ್ ಒತ್ತಿದ. ಕೆಂಪು ದೀಪ ಹೊತ್ತಿತು, ಪೆಟ್ಟಿಗೆ ಮಾತ್ರ ತೆಪ್ಪಗಿತ್ತು. ಡ್ರಮ್ಮಿನ ಹುಡುಗಿ ಕೈಯಲ್ಲಿದ್ದ ಕೋಲುಗಳನ್ನು ಮೆಲ್ಲಗೆ ಮಡಿಲಿಗೆ ಇಳಿಸಿದಳು.

"ಅಕ್ಕಾ, ಇದರ ಗುಂಯ್ ಎಲ್ಲಿ ಹೋಯ್ತು?"

ರೇಡಿಯೊ ರಿಪೇರಿಯ ಅಕ್ಕನ ಮುಖ ಅರಳಿತು. "ಹೋದ ವಾರ ಸರಿ ಮಾಡ್ದೆ ಕಣೇ. ಒಂದು ವೈರಿನ ಬೆಸುಗೆ ಬಿಟ್ಟಿತ್ತು, ಅಷ್ಟೇ. ನಮ್ಮಣ್ಣ ಇದ್ದಾಗ ಮುಟ್ಟೋಕೇ ಬಿಡ್ತಿರಲಿಲ್ಲ."

ಅಣ್ಣ ತೀರಿಕೊಂಡ ಮೇಲೆ ಅವನ ಪಂಕ್ ತಂಡದ ಮೊದಲ ಶೋ ಇದು. ಆರು ಗಂಟೆಯ ದಾರಿಯುದ್ದಕ್ಕೂ ಅವಳು ಆ ಪೆಟ್ಟಿಗೆಗೆ ಸೀಟ್ ಬೆಲ್ಟ್ ಹಾಕಿ, ವ್ಯಾನು ಗುಂಡಿಗೆ ಬಿದ್ದಾಗಲೆಲ್ಲ ತಬ್ಬಿ ಹಿಡಿದು ತಂದಿದ್ದಳು.

"ಅಣ್ಣ ಪ್ರತಿ ಹಾಡನ್ನೂ ಆ ಗುಂಯ್‌ನಿಂದಾನೇ ಶುರು ಮಾಡ್ತಿದ್ರು ಅಕ್ಕಾ," ಎಂದ ಹಾಡುಗಾರ, ನೆಲ ನೋಡುತ್ತಾ. "ನಮಗೆ ಅದೇ ಶ್ರುತಿ."

ಅವಳು ಪ್ಲಗ್ ಕಿತ್ತು, ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಹಿಂಬದಿಯ ಹಲಗೆ ಬಿಚ್ಚಿದಳು. ಇಪ್ಪತ್ತು ವರ್ಷದ ಕಸುಬಿನಲ್ಲಿ ಮೊದಲ ಸಲ, ತಾನೇ ಹಾಕಿದ ಬೆಸುಗೆಯನ್ನು ತಾನೇ ಕಿತ್ತಳು. ಮತ್ತೆ ಸ್ವಿಚ್ ಒತ್ತಿದಳು.

ಗುಂಯ್ ಎಂದಿತು. ಪ್ರತಿ ಸಂಜೆ ಅಣ್ಣನ ಕೋಣೆಯ ಬಾಗಿಲ ಸಂದಿಯಿಂದ ತೂರಿ ಬರುತ್ತಿದ್ದ ಸದ್ದು. ತಲೆ ಸಿಡಿದುಹೋಗುತ್ತೆ ಎಂದು ಗೋಡೆ ಗುದ್ದಿ ಗುದ್ದಿ ಅವಳೇ ಬಾಯಿ ಮುಚ್ಚಿಸುತ್ತಿದ್ದ ಸದ್ದು.

ಹಾಡುಗಾರ ಮೈಕು ಹಿಡಿದ. ಡ್ರಮ್ಮಿನ ಹುಡುಗಿ ಕೋಲುಗಳನ್ನು ಎತ್ತಿದಳು. ಅಕ್ಕ ಪೆಟ್ಟಿಗೆಯ ಮೇಲಿಟ್ಟ ಕೈ ತೆಗೆಯದೆ, ಇನ್ನೊಂದು ಕೈಯನ್ನು ಅಡ್ಡ ಹಿಡಿದಳು.

"ಇರ್ರೋ, ಈಗಲೇ ಶುರು ಮಾಡ್ಬೇಡಿ. ಇನ್ನೊಂಚೂರು ಹೊತ್ತು ಗುಂಯ್ ಅನ್ನಲಿ."