ಅಮ್ಮನಿಗೆ ಕಳಿಸಿದ ಕ್ಯಾಸೆಟ್

ಇಂಜೆಕ್ಷನ್ನಿಗೆ ಮೊದಲು ಹಚ್ಚುವ ಸ್ಪಿರಿಟ್ಟಿನ ವಾಸನೆ ಬಂದರೆ ಈಗಲೂ ನನಗೆ ಚಾಮರಾಜಪೇಟೆಯ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅಮ್ಮ ನರ್ಸ್ ಕೆಲಸಕ್ಕೆಂದು ಮಸ್ಕತ್ತಿಗೆ ಹೋಗಿದ್ದಳು. ಅಪ್ಪ ಎಲ್ಲಿಂದಲೋ ತಂದ ಹಳೇ ಟೇಪ್ ಡೆಕ್ಕಿಗೆ ವೈರುಗಳನ್ನು ಜೋಡಿಸಿ, ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಡೆಕ್ಕಿನೊಳಗೆ ಟೇಪು ತಾಗಿ ಓಡುವ ಹೆಡ್ಡನ್ನು ಒರೆಸಿದರು. ಖಾಲಿ ಕ್ಯಾಸೆಟ್ ಹಾಕಿ, ರೆಕಾರ್ಡ್ ಮಾಡುವ ಎರಡು ಗುಂಡಿ ಒಟ್ಟಿಗೆ ಒತ್ತಿ, ಮೈಕನ್ನು ನನ್ನ ಕೈಗೆ ಕೊಟ್ಟರು.

"ಮಾತಾಡು ಪುಟ್ಟಿ. ಇದನ್ನ ಅಮ್ಮನಿಗೆ ಕಳಿಸ್ತೀನಿ, ಅವಳು ಅಲ್ಲಿ ಕೇಳ್ತಾಳೆ."

"ಅಮ್ಮಾ, ಯಾವಾಗ ಬರ್ತೀಯಾ?" ಎಂದು ಕೇಳಿ, ಫೋನಿನಲ್ಲಿ ಕೇಳಿದ ಹಾಗೆ ಉತ್ತರಕ್ಕೆ ಕಾದೆ. ಟೇಪು ಸುಮ್ಮನೆ ತಿರುಗುತ್ತಿತ್ತು.

"ಅಪ್ಪಾ, ನಿಲ್ಸಿ, ಖಾಲಿ ಓಡ್ತಿದೆ" ಎಂದೆ.

"ಇರ್ಲಿ ಬಿಡು" ಎಂದರು ಅಪ್ಪ. "ಅವಳು ಉತ್ತರ ಹೇಳೋಕೆ ಜಾಗ ಬೇಕಲ್ವಾ?"

ಕ್ಯಾಸೆಟ್ಟಿನ ಆ ಬದಿ ಮುಗಿದು ಗುಂಡಿ ತಾನೇ ಮೇಲೇಳುವವರೆಗೂ ನಾವಿಬ್ಬರೂ ಮಾತಾಡದೆ ಕೂತಿದ್ದೆವು.